ತಿರುವಿಗೊಂದು ಗೋಡೆ
ಸೋಲೊಪ್ಪಿಕೊಳ್ಳುವುದು ನಿಖತ್‌ಳ ಜಾಯಮಾನದಲ್ಲೇ ಇಲ್ಲ. ಬಣಕಲ್‌ನಲ್ಲಿ ಅಬ್ಬನ ಲಾರಿ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಕೂತು ಪ್ರೋಗ್ರಾಂ ಬರೆಯುವ ಈಕೆ, ಪತ್ರಿಕೆಯೊಂದರ ಜೊತೆ ಬಂದ ಸೀಡಿಯಿಂದ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಲು ಹೋಗಿ ಹನ್ನೊಂದು ಸಲ ಸೋತಳು. ಹನ್ನೆರಡನೆಯ ಸಲ ಕಂಪ್ಯೂಟರೇ ಸುಸ್ತಾಗಿ ದಾರಿಗೆ ಬಂತು. ಕರೆಂಟು ಯಾವಾಗ ಹೋದೀತೋ ಎಂದು ಒಂದು ಸಾಲು ಬರೆದರೆ ಎರಡು ಸಲ ಸೇವ್ ಮಾಡುತ್ತಾಳೆ. ಲಿನಕ್ಸ್ ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಇದನ್ನ ಬಿಚ್ಚಿ ರಿಪೇರಿ ಮಾಡ್ಬಹುದು ಮಾರಾಯ್ರೆ." ಹಾಗೆ ಬಿಚ್ಚಿದ್ದರಲ್ಲಿ ಕಾರಿನ ರೇಸ್ ಆಟವೂ ಒಂದು. ಅದರ ರಸ್ತೆಯನ್ನು ನಮ್ಮ ಘಾಟಿಯಂತೆಯೇ ತಿದ್ದಿಟ್ಟು, ತಿರುವಿಗೊಂದು ಹಾರ್ನ್ ಹೊಡೆಯುತ್ತಾ, ಎದುರು ಗಾಡಿ ಕಂಡರೆ ಬದಿಗೆ ನಿಲ್ಲುತ್ತಾಳೆ. "ಇದು ರೇಸ್ ಮಾರಾಯ್ತಿ!" ಎಂದು ಗೆಳತಿ ಗಗನಾ ಹಣೆ ಚಚ್ಚಿಕೊಂಡರೆ, "ಹತ್ತೋ ಗಾಡಿಗೆ ಜಾಗ ಬಿಡ್ಬೇಕು. ಘಾಟಿ ಅಂದ್ಮೇಲೆ ಘಾಟಿನೇ" ಎನ್ನುತ್ತಾಳೆ. ಆ ರಸ್ತೆಯ ಒಂದೇ ಒಂದು ತಿರುವಿಗೆ ತಡೆಗೋಡೆ ಕಟ್ಟಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು. ಕಟ್ಟಿದಾಗಲೆಲ್ಲ ಕಾರು ಗೋಡೆಯನ್ನೇ ತೂರಿಕೊಂಡು ಪ್ರಪಾತಕ್ಕೆ ಬೀಳುತ್ತಿತ್ತು. ಅವಳು ಬಿಡಲಿಲ್ಲ. ನಿಜವಾದ ಘಾಟಿಯ ಅದೇ ತಿರುವಿನಲ್ಲಿ ಅಬ್ಬ ಹಬೀಬುರ್ರಹ್ಮಾನ್ ಓಡಿಸುತ್ತಿದ್ದ ಲಾರಿ ಉರುಳಿತ್ತು. ಆಮೇಲೆ ಆರು ವರ್ಷ ಅವರು ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡಿದರೇ ಹೊರತು ಒಂದರ ಸ್ಟೀರಿಂಗನ್ನೂ ಹಿಡಿದವರಲ್ಲ. ಈಗ ದಿನಾ ಸಂಜೆ ಕೈಯ ಗ್ರೀಸ್ ಒರೆಸಿಕೊಂಡು ಮೇಲೆ ಬಂದು ಕೀಬೋರ್ಡಿನ ಮುಂದೆ ಕೂರುತ್ತಾರೆ. "ಹೋಗಿ ಅಬ್ಬಾ, ಗೋಡೆ ಗಟ್ಟಿ ಇದೆ" ಎನ್ನುತ್ತಾಳೆ ನಿಖತ್. ಮೊನ್ನೆಯವರೆಗೂ ಆ ತಿರುವಿನ ಹತ್ತಿರ ಕಾರು ನಿಲ್ಲಿಸಿ ಎದ್ದುಹೋಗುತ್ತಿದ್ದರು. ನಿನ್ನೆ ಹಾರ್ನ್ ಹೊಡೆದರು.