ಬಾನೆಟ್ ತಣ್ಣಗಾಗಲಿ

ಇಪ್ಪತ್ತೆರಡು ವರ್ಷ ಅರಸೀಕೆರೆಯಲ್ಲಿ ಜನಕ್ಕೆ ಕಾರು ಓಡಿಸೋದು ಕಲಿಸಿದ್ದೇನೆ. ಅಷ್ಟೂ ವರ್ಷ ನಾನು ಕೂತಿದ್ದು ಎಡಗಡೆ ಸೀಟಿನಲ್ಲಿ. ಕಲಿಸುವವರ ಕಾಲಿಗೂ ಅಲ್ಲೊಂದು ಬ್ರೇಕ್ ಇರುತ್ತದೆ, ಅದನ್ನು ತುಳಿಯುವುದೇ ನನ್ನ ಕೆಲಸ. ಸ್ಪೀಡು ನಲವತ್ತು ದಾಟಿ ಯಾರಾದರೂ ಹೋದರೆ ನನ್ನಿಂದ ಬೈಗುಳ ಗ್ಯಾರಂಟಿ. ಅಂಥವಳು ಐವತ್ತೊಂದನೇ ವಯಸ್ಸಿನಲ್ಲಿ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಬೇಕು ಅಂದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಯಾರಿಗೆ?" ಅಂದರು.

"ನನಗೆ ರೀ."

"ತಲೆ ಕೆಟ್ಟಿದೆ ಕಣೇ ನಿಂಗೆ."

ಅವರ ಮಾತಿಗೆ ನಾನು ಸೊಪ್ಪು ಹಾಕಲಿಲ್ಲ. ನನ್ನ ಹೆದರಿಕೆ ಬೇರೆಯೇ ಇತ್ತು. ಹುಡುಗಿಯಾಗಿದ್ದಾಗಿನಿಂದ ಜೋರಾಗಿ ಓಡಿಸುವ ಆಸೆ ನನಗೆ. ಬ್ರೇಕ್ ತುಳಿದೂ ತುಳಿದೂ ಆ ಆಸೆಯೇ ಸತ್ತುಹೋಗಿದ್ದರೆ? ಕಾರು ಸಿಕ್ಕಿಯೂ ಖುಷಿ ಸಿಗದಿದ್ದರೆ? ಅದನ್ನು ಯಾವ ಮೆಕ್ಯಾನಿಕ್ಕೂ ನೋಡಿ ಹೇಳಲಾರ.

ಕಾರು ಇದ್ದದ್ದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ, ತೆಂಗು ಬೆಳೆಯುವ ರೈತರೊಬ್ಬರ ಶೆಡ್ಡಿನಲ್ಲಿ. ಅವರೂ ಆಸೆಪಟ್ಟು ತಂದವರೇ. ಊರೂರಿಗೂ ಇರುವ, ತಗ್ಗು ಗಾಡಿಯ ಹೊಟ್ಟೆಗೆ ತಗಲುವ ಹಂಪ್ಸುಗಳಿಗೆ ಸೋತು ನಿಲ್ಲಿಸಿಬಿಟ್ಟಿದ್ದರು. ಏನೇನು ನೋಡಬೇಕು ಅಂತ ನಾನೇ ಒಂದು ಪಟ್ಟಿ ಬರೆದು ಯಜಮಾನರ ಕೈಗೆ ಕೊಟ್ಟೆ. ಸ್ಕೂಲಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಬರುವುದೇ ತಪ್ಪು ಹುಡುಕುವುದಕ್ಕೆ ಅಂತ ಮೊದಲೇ ಹೇಳಿಬಿಟ್ಟಿದ್ದರು.

ಕೆಂಪು ಕಾರು. ನೋಡಿದ ಕೂಡಲೇ ನನ್ನ ಅರ್ಧ ಬುದ್ಧಿ ಹೋಯಿತು. "ಟೈರೆಲ್ಲ ಹೊಸದೇ ಇದೆ, ಪಟ್ಟಿಯಲ್ಲಿ ಮುಂದಿನದು ಓದಿ" ಅಂದೆ. ಅವರು ಬಿಡಬೇಕಲ್ಲ! ಬಗ್ಗಿ, ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ, ತಯಾರಾದ ವಾರ-ವರ್ಷದ ನಾಲ್ಕು ಅಂಕಿ ಓದಿದರು. "ಹೊಸದಲ್ಲ ಕಣೇ. ಸವೆದಿಲ್ಲ ಅಷ್ಟೆ. ಮಾಡಿ ಏಳು ವರ್ಷ ಆಗಿದೆ." ನಿಂತಲ್ಲೇ ನಿಂತು ರಬ್ಬರು ಕಲ್ಲಾಗಿತ್ತು. ಮಳೆಯಲ್ಲೋ ತಿರುವಿನಲ್ಲೋ ಜೋರಾಗಿ ಹೋದರೆ ಅದು ಪ್ರಾಣಕ್ಕೇ ಸಂಚಕಾರ. ನಾವು ಕೊಂಡರೆ ನಾಲ್ಕೂ ಬದಲಾಯಿಸಿ ಕೊಡಲು ರೈತರು ಒಪ್ಪಿಕೊಂಡರು. ನಾನು ನಾಚಿಕೊಂಡು ಗೋಣಿಚೀಲ ಹಾಸಿ, ಕಾರಿನಡಿಗೆ ತಲೆ ತೂರಿಸಿದೆ. ಹಂಪ್ಸು ಕೆರೆದ ಗೆರೆಗಳಿದ್ದವು, ವೆಲ್ಡಿಂಗ್ ಮಾಡಿದ ಗುರುತಿರಲಿಲ್ಲ. ಬಾಗಿಲ ಸಂದಿಯ ಬಣ್ಣವೂ ಹೊರಗಿನ ಬಣ್ಣವೂ ಒಂದೇ, ಅಂದರೆ ಗುದ್ದಿ ರಿಪೇರಿಯಾದ ಗಾಡಿಯಲ್ಲ. ಚಾಸಿ ನಂಬರು ಆರ್‌ಸಿಯ ಜೊತೆ ತಾಳೆಯಾಯಿತು.

ಆಮೇಲೆ ಬಾನೆಟ್ ಮೇಲೆ ಕೈಯಿಟ್ಟೆ. ಬಿಸಿ!

ನನಗೆ ಸಿಟ್ಟು ನೆತ್ತಿಗೇರಿತು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಇಂಜಿನ್ನಿನ ಕಾಯಿಲೆ ಗೊತ್ತಾಗುವುದು. ಮುಚ್ಚಿಡಬೇಕು ಅನ್ನುವವರು ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ. "ಯಾಕ್ರೀ ಸ್ಟಾರ್ಟ್ ಮಾಡಿದ್ರಿ?" ಅಂತ ರೈತರನ್ನು ಗದರಿಸಿಯೇಬಿಟ್ಟೆ.

ಅವರು ಕಕ್ಕಾಬಿಕ್ಕಿಯಾದರು. "ಅಷ್ಟು ದೂರದಿಂದ ಬತ್ತೀರ, ಬಂದೇಟ್ಗೆ ಓಡ್ಸಂಗಿರ್ಲಿ ಅಂತ ಬಿಸಿ ಮಾಡಿ ಮಡಗಿದ್ದೆ ಕಣಮ್ಮ."

ನಂಬುವುದೋ ಬಿಡುವುದೋ ತಿಳಿಯಲಿಲ್ಲ. "ತಣ್ಣಗಾಗೋ ತನಕ ಕಾಯ್ತೀನಿ" ಅಂದೆ.

"ಕಾದ್ಕೊಳ್ಳಿ ಅತ್ಲಾಗೆ. ಮನೇಲಿ ಮುದ್ದೆ ಐತೆ, ಉಣ್ಣಿ" ಅಂದವರೇ ಕೀಲಿಯನ್ನು ನಮ್ಮ ಯಜಮಾನರ ಕೈಗಿಟ್ಟು ತೋಟಕ್ಕೆ ಹೊರಟುಹೋದರು. ಹುರುಳಿಕಾಳಿನ ಸಾರಿನಲ್ಲಿ ಮುದ್ದೆ ಮುರಿಯುವಾಗ ನನ್ನ ಬಾಯಿಗಿಷ್ಟು ಬೆಂಕಿ ಹಾಕಬೇಕು ಅನ್ನಿಸಿತು. ಆದರೂ ಕಾದೆ.

ನಾಲ್ಕು ಗಂಟೆಗೆ ಬಾನೆಟ್ ತಣ್ಣಗಿತ್ತು. ತೋಟದಿಂದ ಬಂದ ರೈತರು ಸ್ಟಾರ್ಟ್ ಮಾಡಿದರು, ನಾನು ಹಿಂದೆ ಸೈಲೆನ್ಸರಿನ ಹತ್ತಿರ ನಿಂತೆ. ನೀಲಿ ಹೊಗೆ ಬಂದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ ಅಂತ ಅರ್ಥ, ಕೈಮುಗಿದು ಹೊರಡುವುದೇ. ತೆಳ್ಳಗೆ ಒಂದಿಷ್ಟು ಬಿಳಿ ಹಬೆ ಬಂತು. ಅದೂ ನಿಂತಿತು. ಸದ್ದು ಒಂದೇ ಸಮ. ಯಜಮಾನರಿಗೆ ಬೇಜಾರಾಯಿತೋ ಏನೋ, ನನಗಂತೂ ಹೋದ ಜೀವ ಬಂತು.

"ಬೇಲೂರ್ ಗಂಟ ಹೋಗ್ಬನ್ನಿ" ಅಂದರು ರೈತರು. ನಾನು ಗತ್ತಿನಿಂದ ಬಾಗಿಲು ತೆಗೆದು ಕೂತೆ. ಯಜಮಾನರು ಹೊರಗೇ ನಿಂತು, "ಅಂದ್ರೆ, ನಾನು ಓಡಿಸ್ಲಾ?" ಅಂದರು. ಅವರಿಗೆ ಸೈಕಲ್ಲು ಬಿಟ್ಟು ಬೇರೇನೂ ಬಾರದು. ಅಭ್ಯಾಸಬಲ, ನಾನು ಎಡಗಡೆ ಕೂತಿದ್ದೆ.

ಇಳಿದು ಬಲಗಡೆಗೆ ಬಂದು ಕೂತು, ಹಂಪ್ಸುಗಳನ್ನು ಓರೆಯಾಗಿ ದಾಟಿಸುತ್ತ ಊರು ಬಿಟ್ಟೆ. ಮುಂದೆ ನೆಟ್ಟಗಿನ ಒಣ ರಸ್ತೆ, ಖಾಲಿ. ಆದರೂ ಸ್ಪೀಡಿನ ಮುಳ್ಳು ನಲವತ್ತರಲ್ಲೇ ನಿಂತಿತ್ತು. ಅದಕ್ಕಿಂತ ಹೆಚ್ಚು ಒತ್ತಲು ನನ್ನ ಕಾಲು ಒಪ್ಪಲೇ ಇಲ್ಲ. ಮುಗಿಯಿತು, ನಾನು ಹೆದರಿದ್ದೇ ಆಯಿತು ಅಂದುಕೊಂಡೆ. ನನ್ನ ಮೇಲೇ ರೇಗಿಹೋಗಿ ಆಕ್ಸಿಲರೇಟರ್ ಒತ್ತಿದೆ. ಅರವತ್ತು. ಎಂಬತ್ತು. ಬೆನ್ನು ಸೀಟಿಗೆ ಅಂಟಿತು. ಗಂಟಲಿಂದ ಏನೋ ಸದ್ದು ಹೊರಟಿತು.

"ಏನಾಯ್ತೇ? ಎದೆ ನೋವಾ?" ಯಜಮಾನರು ಗಾಬರಿಯಾದರು.

ನಗುತ್ತಿದ್ದೆ. ಕಣ್ಣಲ್ಲಿ ನೀರೂ ಇತ್ತು. ಎಷ್ಟು ಸಂತೋಷವಾಯಿತು ಅಂದರೆ, ಈಗ ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ.

ಬೇಲೂರಿನಲ್ಲಿ ಎಳನೀರು ಕುಡಿಯಲು ನಿಲ್ಲಿಸಿದೆವು. ಎಳನೀರಿನವನು ಕಾರನ್ನು ಸುತ್ತು ಹಾಕಿ ಬಂದು ಯಜಮಾನರನ್ನು ಕೇಳಿದ, "ಗಾಡಿ ನಿಮ್ದಾ ಸಾರ್?"

"ನಂದು" ಅಂದುಬಿಟ್ಟೆ ನಾನು. ಇನ್ನೂ ಬೆಲೆಯ ಮಾತೇ ಆಗಿರಲಿಲ್ಲ. ನನ್ನ ಪ್ರತಿ ಮಾತನ್ನೂ ತಿದ್ದುವ ಯಜಮಾನರು ಎಳನೀರು ಕೆಳಗಿಟ್ಟು, "ಹೌದು, ಅವಳದ್ದೇ" ಅಂದರು.