ತೊಗಟೆಯಾಚೆಗಿನ ಸುತ್ತು

ಕಣಿ, ಶಕುನ ಎಂದವರ ಮೇಲೆ ರೇಗುವವಳು ನಾನು. ಸಿಂಧನೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಅಳತೆಗೆ ಸಿಕ್ಕಿದ್ದಷ್ಟೇ ನಿಜ. ಈಗಲೂ ಹಾಗೇ ಅನ್ನಬೇಕೆಂದಿದೆ. ಆದರೆ ಆ ಮಧ್ಯಾಹ್ನ ನೆನಪಾದರೆ ನಾಲಿಗೆ ತಡೆಯುತ್ತದೆ.

ಆಗ ನಾನು ಮರದ ಉಂಗುರಗಳ ಬೆನ್ನು ಹತ್ತಿದ್ದೆ. ತೇಗದ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ಮಳೆ ಚೆನ್ನಾಗಿ ಆದ ವರ್ಷದ್ದು ಅಗಲ, ಬಿಸಿಲು ಬೆಂಕಿಯಾದ ವರ್ಷದ್ದು ದಾರದಷ್ಟು ಸಣ್ಣ. ಹಲವು ಮರಗಳನ್ನು ಹೋಲಿಸಿದರೆ, ಯಾರೂ ಬರೆದಿಡದ ಕಾಲದ ಸೆಕೆಯನ್ನೂ ಅಂದಾಜು ಮಾಡಬಹುದು. ವಯಸ್ಸಾದಂತೆ ಮರದ ಉಂಗುರ ಹೇಗೂ ಕಿರಿದಾಗುತ್ತದೆ. ಆ ಲೆಕ್ಕ ಕಳೆದರೂ, ನಾನು ಕೂಡಿಹಾಕಿದ ತುಂಡುಗಳಲ್ಲಿ ಹೊರಗಿನ ಉಂಗುರಗಳು ಸಣ್ಣಗಾಗುತ್ತಲೇ ಬಂದಿದ್ದವು. ನಮ್ಮ ಬೇಸಿಗೆ ನಮ್ಮ ಅಜ್ಜಿಯರ ಬೇಸಿಗೆಯಾಗಿ ಉಳಿದಿರಲಿಲ್ಲ.

ತುಂಡುಗಳನ್ನು ಕೊಯ್ದು ಕೊಡುತ್ತಿದ್ದವನು ಲಿಂಗಸುಗೂರಿನ ಕಟ್ಟಿಗೆ ಮಿಲ್ಲಿನ ಹುಸೇನಪ್ಪ. ವಯಸ್ಸಾದವನು, ಕಣ್ಣು ಮಂಜು. ಹೆಬ್ಬೆರಳನ್ನು ಉಂಗುರಗಳ ಮೇಲೆ ಒಳಗಿನಿಂದ ಹೊರಗೆ ಎಳೆಯುತ್ತ, “ಇದು ಸುಟ್ಟ ವರ್ಷರೀ, ಇದು ನೀರುಂಡಿದ್ದು” ಅನ್ನುತ್ತಿದ್ದ. ನನ್ನ ಅಳತೆಗೂ ಅದಕ್ಕೂ ತಾಳೆಯಾಗುತ್ತಿತ್ತು. ಕೈ ಪಳಗಿದೆ ಎಂದುಕೊಂಡಿದ್ದೆ.

ಆ ದಿನ ಮಸ್ಕಿ ಕಡೆಯ ಹೊಲದ ಬದುವಿನ ತೇಗ ಬಂದಿತ್ತು. ದಸರಾ ಮುಗಿದ ವಾರ. ಹುಸೇನಪ್ಪ ಒಂದೊಂದೇ ವರ್ಷ ಹೇಳುತ್ತ ತೊಗಟೆಯವರೆಗೆ ಬಂದ. ಬೆರಳು ನಿಲ್ಲಲಿಲ್ಲ. ತೊಗಟೆ ದಾಟಿ ಬರೀ ಗಾಳಿಯಲ್ಲಿ ಮುಂದೆ ಹೋಯಿತು.

“ಹುಸೇನಣ್ಣ, ಮರ ಮುಗೀತಪ್ಪಾ!” ಎಂದು ನಕ್ಕೆ.

ಅವನು ನಗಲಿಲ್ಲ. “ಇನ್ನೊಂದು ಸುತ್ತು ಐತ್ರೀ” ಎಂದವನೇ ಹಾ ಎಂದು ಚೀರಿ ಬೆರಳನ್ನು ಬಾಯಿಗಿಟ್ಟುಕೊಂಡ. “ಸುಡಾಕತ್ತೈತಿ. ಮ್ಯಾಡಮ್ಮರ, ಬರೋ ಬ್ಯಾಸಗಿಗೆ ನಿಮ್ಮ ಮನಿಯಾಗ ಬಾಣಂತನ ಇಟ್ಕೋಬ್ಯಾಡ್ರಿ.”

ಬೆಳಗಾವಿಯಲ್ಲಿದ್ದ ನನ್ನ ಮಗಳು ಆಗ ಎರಡು ತಿಂಗಳ ಬಸುರಿ. ಮೂರು ತುಂಬುವವರೆಗೆ ಹೊರಗೆ ಹೇಳಬಾರದೆಂದು ನಾವಿಬ್ಬರೂ ಬಾಯಿ ಕಟ್ಟಿಕೊಂಡಿದ್ದೆವು. ಹುಸೇನಪ್ಪನ ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ರೂಢಿ. ಆದರೂ ಬೇಸಿಗೆ ಬಂದಾಗ ನಾನು ಮಗಳನ್ನು ಕರೆತರಲಿಲ್ಲ, ನಾನೇ ಬೆಳಗಾವಿಗೆ ಹೊರಟೆ. “ಮಗಳನ್ನ ಕರೀಲಾರದ ತಾಯಿ ಎಂಥಾಕಿ?” ಎಂದು ಬೀಗರು ಆಡಿಕೊಂಡರು. ಸೆಕೆ ಹೆಚ್ಚೆಂದು ನೆಪ ಹೇಳಿದೆ. ವಿಜ್ಞಾನದವಳು ಶಕುನಕ್ಕೆ ಹೆದರಿದೆ ಎನ್ನಲು ನಾಚಿಕೆ.

ಹೊರಡುವ ದಿನ ಪಕ್ಕದ ಮನೆಯ ಪಾರ್ವತೆಮ್ಮ ಬಂದಳು. ಅವಳ ಮಗಳು ರೇಣುಕಾ ಹೆರಿಗೆಗೆ ಬಂದಿದ್ದಳು, ಅವರದೋ ತಗಡಿನ ಮನೆ. “ಅಕ್ಕಾರ, ನಿಮ್ಮ ಹಿಂದಿನ ಖೋಲಿ ತಣ್ಣಗೈತಿ. ಹೆಂಗೂ ಖಾಲಿ ಇರ್ತೈತಲ್ರೀ” ಎಂದಳು. ಸಂತೋಷದಿಂದ ಕೋಣೆಯ ಕೀಲಿ ಕೊಟ್ಟೆ. ಹುಸೇನಪ್ಪನ ಮಾತು ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಅದು ನನ್ನ ಮಗಳಿಗೆ ಹೇಳಿದ್ದು, ಅವಳು ಪಾರಾದಳು ಎಂದುಕೊಂಡೆ.

ಬೆಳಗಾವಿಯಲ್ಲಿ ನನ್ನ ಮಗಳು ಸುಖವಾಗಿ ಹೆತ್ತಳು. ಸಿಂಧನೂರಿನಲ್ಲಿ ರೇಣುಕಾಳಿಗೂ ಹೆರಿಗೆಯಾಗಿ, ನನ್ನ ಮನೆಯ ಆ ಕೋಣೆಯಲ್ಲಿ ಪಾರ್ವತೆಮ್ಮ ತನ್ನ ತಾಯಿ ಮಾಡಿದಂತೆಯೇ ಬಾಣಂತನ ಮಾಡಿದಳು. ಬಾಣಂತಿಗೆ ಗಾಳಿ ತಾಕಬಾರದೆಂದು ಕಿಟಕಿ ಮುಚ್ಚಿದಳು, ಫ್ಯಾನು ನಿಲ್ಲಿಸಿದಳು, ಕಿವಿಗೆ ಬಟ್ಟೆ ಕಟ್ಟಿ ಮಂಚದ ಕೆಳಗೆ ಕೆಂಡ ಇಟ್ಟಳು. ಅವಳ ತಾಯಿಯ ಕಾಲದ ಬೇಸಿಗೆಯಲ್ಲಿ ಅದು ನಡೆಯುತ್ತಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ ರೇಣುಕಾಳ ಮೈ ಹೆಂಚಿನಂತೆ ಕಾದು ಪ್ರಜ್ಞೆ ತಪ್ಪಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಹಸುಗೂಸು ಮಾತ್ರ ಉಳಿಯಿತು.

ಆಮೇಲೆ ಹುಸೇನಪ್ಪನನ್ನು ಕೇಳಿದೆ. “ನಾ ಹಂಗಂದೆನೇನ್ರೀ?” ಎಂದು ನನ್ನ ಮುಖವನ್ನೇ ನೋಡಿದ. ಬೆರಳು ಸುಟ್ಟಿದ್ದಷ್ಟೇ ಅವನಿಗೆ ನೆನಪು. ಅದು ಹೇಗೆ ಸುಟ್ಟಿತು, ನನಗೆ ಗೊತ್ತಿಲ್ಲ. ಅವನಿಗೆ ಹೇಗೆ ತಿಳಿಯಿತು, ಅದೂ ಗೊತ್ತಿಲ್ಲ. ಆದರೆ ಬೇಸಿಗೆ ಬದಲಾಗಿದೆ ಎಂಬುದು ನನಗೆ ಗೊತ್ತಿತ್ತು, ಅಳೆದು ನೋಡಿದ್ದೆ. ಕೀಲಿ ಕೊಡುವಾಗ, ಕಿಟಕಿ ತೆರೆದಿಡವ್ವಾ, ಕೆಂಡ ಇಡಬೇಡ ಎಂದು ಒಂದು ಮಾತೂ ಹೇಳಲಿಲ್ಲ.

ಪಾರ್ವತೆಮ್ಮ ಇಂದಿಗೂ ಕಣ್ಣೊರೆಸಿಕೊಂಡು, “ನೀವು ತಂಪಾದ ಖೋಲಿ ಕೊಟ್ರಿ ಅಕ್ಕಾರ, ನಮ್ಮ ಹಣೇಬರಾನೇ ಸರಿ ಇರಲಿಲ್ಲ” ಅನ್ನುತ್ತಾಳೆ.