ಭರ್ತಿ ಮಾತು

ನಾಟಕದ ಮಂದಿ ಅವಳನ್ನು ಮಾತಿನಮ್ಮ ಎಂದು ಕರೆಯುತ್ತಿದ್ದರು. ಹೆಸರು ಕೇಳಿ ದೊಡ್ಡ ವಾಚಾಳಿ ಇರಬೇಕು ಎಂದುಕೊಂಡು ಬಂದವರು ಅವಳನ್ನು ಕಂಡು ಪೆಚ್ಚಾಗುತ್ತಿದ್ದರು. ತಾಲೀಮಿನ ಹಜಾರದಲ್ಲಿ ಕೊನೆಯ ಕುರ್ಚಿ ಹಿಡಿದು ಕೂತರೆ ಮೂರು ಗಂಟೆಗೆ ಮೂರು ಮಾತು ಆಡಿದರೆ ಹೆಚ್ಚು, ಅದರಲ್ಲೂ ಎರಡು ಬರೀ ‘ಹೂಂ’. ಸಂಗೀತ ನಾಟಕದಲ್ಲಿ ರಾಗ ಒಬ್ಬರದು, ಮಾತು ಇನ್ನೊಬ್ಬರದು. ಆ ಮಂಡಳಿಯಲ್ಲಿ ರಾಗ ಹಾಕುತ್ತಿದ್ದವರು ಮೇಷ್ಟ್ರು, ಮಾತು ಹಾಕುತ್ತಿದ್ದವಳು ಇವಳು. ಹೆಸರು ಬಂದದ್ದು ಹಾಗೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಅಲ್ಲಿಗೆ ಸೇರಿದ್ದು ಟೈಪಿಸ್ಟ್ ಆಗಿ. ನಟರಿಗೆ ಅವರವರ ಪಾತ್ರದ ಮಾತು ಟೈಪು ಮಾಡಿ ಕೊಡುವುದು ಕೆಲಸ. ಒಂದು ದಿನ ಹಾಡು ಬರೆಯುವ ಮಹಾಶಯ ಯಾರ ಮೇಲೋ ಸಿಟ್ಟು ಮಾಡಿಕೊಂಡು ಎದ್ದು ಹೋದ. ಮೇಷ್ಟ್ರು ಪಿಯಾನೊ ಮುಂದೆ ಕೈ ಕಟ್ಟಿ ಕೂತವರು, ಟೈಪು ಮಾಡುತ್ತಿದ್ದ ಹುಡುಗಿಯನ್ನೇ ಕೂಗಿ, "ಏನಮ್ಮಾ, ನಾಲ್ಕು ಸಾಲು ಬರೀತೀಯಾ? ಕೆಟ್ಟದಾಗಿದ್ರೂ ಪರವಾಗಿಲ್ಲ, ಅವನೂ ಕೆಟ್ಟದಾಗೇ ಬರೀತಿದ್ದ" ಎಂದರು. ಅವಳು ಬರೆದಳು. ಎದ್ದು ಹೋದವನು ವಾಪಸು ಬಂದಾಗ ಅವನ ಕುರ್ಚಿ ಖಾಲಿ ಇರಲಿಲ್ಲ.

ಮೇಷ್ಟ್ರದು ಒಂದು ಪದ್ಧತಿ ಇತ್ತು. ರಾಗ ಮೊದಲು, ಮಾತು ಆಮೇಲೆ. ಅಸಲಿ ಮಾತು ಹುಟ್ಟುವ ತನಕ ನಟರು ರಾಗ ಕಲಿಯಬೇಕಲ್ಲ, ಅದಕ್ಕೆ ಏನಾದರೂ ತುಂಬಿ ಕೊಡಬೇಕು. ಅಕ್ಷರ ಸರಿಯಾಗಿ ಕೂತರೆ ಸಾಕು, ಅರ್ಥ ಬೇಕಿಲ್ಲ. ಅದನ್ನು ಅವರೆಲ್ಲ ಭರ್ತಿ ಮಾತು ಎನ್ನುತ್ತಿದ್ದರು. ಮೇಷ್ಟ್ರೇ ಭರ್ತಿ ಮಾಡಿದರೆ, ವಿರಹದಲ್ಲಿ ಬೇಯುವ ರಾಜಕುಮಾರಿ ವಾರವಿಡೀ ‘ಹಲ್ಲು ನೋವು, ಹಲ್ಲು ನೋವು, ದವಡೆ ಹಲ್ಲು ನೋವು’ ಎಂದು ಹಾಡಿಕೊಂಡು ತಿರುಗಬೇಕಾಗುತ್ತಿತ್ತು. ಅದಕ್ಕೇ ಆ ಕೆಲಸವೂ ಇವಳ ಪಾಲಿಗೆ ಬಂತು. ಭರ್ತಿ ಮಾತು ಪೆನ್ಸಿಲಿನಲ್ಲಿ, ಅಸಲಿ ಮಾತು ಶಾಯಿಯಲ್ಲಿ. ಶಾಯಿ ಬಂದ ದಿನ ಪೆನ್ಸಿಲಿನ ಹಾಳೆ ಹರಿದು ಬುಟ್ಟಿಗೆ.

ಹೇಗೂ ಹರಿಯುವ ಹಾಳೆ ಎಂಬ ಧೈರ್ಯದಲ್ಲಿ ಅವಳು ಅದರಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಹಾಕುತ್ತಿದ್ದಳು. ಕಿಟಕಿಯಾಚೆ ಲಾಂಡ್ರಿಯ ಹಿಂಗೋಡೆ, ಅದರ ಕೊಳವೆಯಿಂದ ಏಳುವ ಹಬೆ, ಬಸ್ಸಿನಲ್ಲಿ ಪಕ್ಕ ಕೂತು ಒಂದು ಮಾತೂ ಆಡದೆ ಇಳಿದು ಹೋದವರು. ಜನ್ಮದಲ್ಲಿ ಅವಳು ಬಾಯಿಬಿಟ್ಟು ಹೇಳದ್ದೆಲ್ಲ ಅಲ್ಲಿತ್ತು. ನಾಟಕದಲ್ಲಿ ಮಾತ್ರ ಶಾಯಿಯ ಚಂದ್ರ, ಶಾಯಿಯ ಹೂವು, ಶಾಯಿಯ ಕಣ್ಣೀರು. ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು, ಪಾಪ.

ಮನೆ ಮೂರನೆಯ ಮಹಡಿಯಲ್ಲಿ, ಎರಡು ಕೋಣೆ. ಇದ್ದವರು ಇಬ್ಬರು, ಅವಳು ಮತ್ತು ಅವಳ ಅಕ್ಕ. ಅಕ್ಕ ಒಂಬತ್ತು ವರ್ಷ ದೊಡ್ಡವಳು, ಬಟ್ಟೆ ಅಂಗಡಿಯೊಂದರಲ್ಲಿ ಪ್ಯಾಂಟು ಲಂಗಗಳ ಅಂಚು ಮಡಚಿ ಹೊಲಿಯುವವಳು. ತಾಯಿ ಹೋದಾಗ ತಂಗಿಗೆ ಏಳು ವರ್ಷ. ಅಂದಿನಿಂದ ಸಾಕಿದವಳು ಅಕ್ಕ, ಮದುವೆಯ ಮಾತು ಬಂದಾಗಲೆಲ್ಲ ‘ಇವಳದ್ದೊಂದು ಆಗಲಿ’ ಎಂದು ಮುಂದೂಡಿದವಳೂ ಅಕ್ಕ. ಇವಳದ್ದೂ ಆಗಲಿಲ್ಲ, ಅವಳದ್ದೂ ಆಗಲಿಲ್ಲ. ಮಾತಿಗೆ ತಂಗಿ ಜಿಪುಣಿಯಾದರೆ ಅಕ್ಕ ಮಹಾ ಜಿಪುಣಿ. ಮನೆಯಲ್ಲಿದ್ದದ್ದು ಒಂದೇ ಮೇಜು. ಸಂಜೆ ಅದರ ಒಂದು ತುದಿಯಲ್ಲಿ ಹೊಲಿಗೆ, ಇನ್ನೊಂದು ತುದಿಯಲ್ಲಿ ಬರವಣಿಗೆ. ಜಗಳ ಇರಲಿಲ್ಲ. ಜಗಳಕ್ಕೂ ಮಾತು ಬೇಕಲ್ಲ.

ಅವಳ ನಲವತ್ತೊಂದನೆಯ ವಯಸ್ಸಿನಲ್ಲಿ ಮಂಡಳಿ ಒಂದು ಹೊಸ ಆಟ ಕಟ್ಟಿತು. ದೋಣಿ ನಡೆಸುವವನೊಬ್ಬ ಎಷ್ಟೋ ವರ್ಷದ ಮೇಲೆ ಮನೆಗೆ ಮರಳುತ್ತಾನೆ, ಆದರೆ ಹೆಂಡತಿಯ ಜೊತೆ ಮಾತಾಡುವುದಿಲ್ಲ. ಅವನೆದುರು ಅವಳು ಹಾಡುವ ಹಾಡೇ ನಾಟಕದ ಜೀವ. ಮೇಷ್ಟ್ರು ಕೊಟ್ಟ ರಾಗ ಕೇಳಿ ಇವಳ ಕೈ ತಡೆಯಲಿಲ್ಲ. ಎದುರಿಗೆ ಅಕ್ಕ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಪೆನ್ಸಿಲಿನಲ್ಲಿ ಬರೆದಳು:

ತಟ್ಟೆ ಮುಚ್ಚಿ ಇಟ್ಟೆಯಲ್ಲ, ಉಂಡೆಯಾ ಎನ್ನಲಿಲ್ಲ
ದೀಪ ಹಚ್ಚಿ ಕೂತೆಯಲ್ಲ, ಬಂದೆಯಾ ಎನ್ನಲಿಲ್ಲ
ಸೂಜಿ ನಿನಗೆ, ಪೆನ್ನು ನನಗೆ, ನಡುವೆ ಒಂದು ಮೇಜು
ಇಷ್ಟೇ ದೂರ, ಇಷ್ಟು ವರ್ಷ, ಯಾರೂ ದಾಟಲಿಲ್ಲ

ಆ ಹಾಳೆಯನ್ನು ಮಾತ್ರ ನಟಿಗೆ ಕೊಡಲು ಮನಸ್ಸಾಗಲಿಲ್ಲ, ನಟಿ ಬರೀ ‘ಲಲಲಾ’ ಎಂದು ರಾಗ ಕಲಿತಳು. ಶಾಯಿಯ ಮಾತು ಬರಲು ಹದಿನೈದು ದಿನ ಹಿಡಿಯಿತು. ಅದು ಬಂದ ದಿನವೇ ಅವಳು ಜ್ವರ ಬಂದು ಮಲಗಿದಳು. ಮೊದಲ ಆಟಕ್ಕೆ ನಾಲ್ಕೇ ದಿನ. ಅಂಗಡಿಗೆ ಹೊರಟ ಅಕ್ಕನಿಗೆ, "ಆ ಹಾಡು ಮೇಜಿನ ಮೇಲಿದೆ. ದಾರೀಲಿ ಮೇಷ್ಟ್ರಿಗೆ ಕೊಟ್ಟುಬಿಡು" ಎಂದು ಮಲಗಿದಲ್ಲಿಂದಲೇ ಹೇಳಿದಳು. ಸಂಜೆ ಜ್ವರ ಇಳಿದು ಎದ್ದು ನೋಡಿದರೆ ಶಾಯಿಯ ಹಾಳೆ ಮೇಜಿನ ಮೇಲೇ ಇತ್ತು. ಹೋಗಿದ್ದು ಪೆನ್ಸಿಲಿನ ಹಾಳೆ.

ಮರುದಿನ ಹೇಗೋ ಎದ್ದು ಓಡಿದಳು. ಆ ಹೊತ್ತಿಗೆ ನಟಿ ಹಾಡು ಕಲಿತು, ಅತ್ತು, ಇಡೀ ಹಜಾರವನ್ನು ಅಳಿಸಿ ಮುಗಿಸಿದ್ದಳು. "ಇದು ಭರ್ತಿ ಮಾತು ಮೇಷ್ಟ್ರೇ, ಅದಲುಬದಲಾಗಿದೆ" ಎಂದರೆ ಅವರು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

"ಹೋಗಮ್ಮಾ! ಇಷ್ಟು ವರ್ಷದಲ್ಲಿ ನೀನು ಬರೆದ ಮೊದಲನೇ ಹಾಡು ಇದು. ಮುಟ್ಟಿದ್ರೆ ಕೈ ಕಡೀತೀನಿ."

ಯಾವ ನಾಟಕಕ್ಕೂ ಬಾರದ ಅಕ್ಕ ಆ ಮೊದಲ ಆಟಕ್ಕೆ ಬಂದಳು, ಯಾರೂ ಕರೆಯದೆಯೇ. ಬಾಲ್ಕನಿಯ ಕೊನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬೂದು ಕೋಟು ತೊಟ್ಟು ಕೂತಿದ್ದಳು. ಹಾಡು ಮುಗಿದಾಗ ಜನ ಎದ್ದು ನಿಂತರು. ತಂಗಿ ಕತ್ತೆತ್ತಿ ಬಾಲ್ಕನಿಯತ್ತ ನೋಡಲಾರದೆ ಹೋದಳು. ಸಾಕಿದವಳ ಮೌನವನ್ನು ಎಂಟುನೂರು ಜನರ ಮುಂದೆ ಹರಾಜು ಹಾಕಿದಂತಾಯಿತಲ್ಲ ಎಂದು ಅವಳಿಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಮೂರನೆಯ ದಿನ ಪತ್ರಿಕೆಯವನೊಬ್ಬ ಮನೆ ಹುಡುಕಿಕೊಂಡು ಬಂದ. ಅಕ್ಕ ಒಳಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು.

"ಆ ಹಾಡು ಯಾರನ್ನ ನೆನೆಸಿಕೊಂಡು ಬರೆದಿದ್ದು, ಹೇಳಿ?" ಎಂದ ಅವನು. "ಯಾರೋ ಒಬ್ಬರು ಇರಲೇಬೇಕು."

"ಯಾರೂ ಇಲ್ಲ" ಎಂದಳು ಅವಳು, ಅಗತ್ಯಕ್ಕಿಂತ ಜೋರಾಗಿ. "ಅದಕ್ಕೆ ಅರ್ಥಾನೇ ಇಲ್ಲ ಸ್ವಾಮಿ. ರಾಗ ಕಲಿಯೋಕೆ ಅಂತ ತುಂಬಿದ ಕಸ ಅದು, ಬಿಸಾಕೋ ಹಾಳೆ. ತಪ್ಪಿ ವೇದಿಕೆಗೆ ಹೋಯ್ತು, ಅಷ್ಟೇ."

ಅಕ್ಕನ ಮಾನ ಉಳಿಸಿದೆ ಎಂದುಕೊಂಡಳು. ಪತ್ರಿಕೆಯಲ್ಲಿ ಹಾಗೇ ಅಚ್ಚಾಯಿತು. ಮೂರು ವಾರ ಕಳೆದ ಮೇಲೆ ಅಕ್ಕ ಒಂದು ಪೆಟ್ಟಿಗೆ ಕಟ್ಟಿ, ಅಂಗಡಿಯ ಬೀದಿಯಲ್ಲೇ ಒಂದು ಕೋಣೆ ಹಿಡಿದಿದ್ದೇನೆ ಎಂದಳು. "ಕೆಲಸಕ್ಕೆ ಹತ್ತಿರ ಆಗುತ್ತೆ." ಇಪ್ಪತ್ತು ವರ್ಷ ಬಸ್ಸಿನಲ್ಲಿ ಹೋಗಿ ಬಂದವಳಿಗೆ ಇದ್ದಕ್ಕಿದ್ದಂತೆ ದೂರ ಎನಿಸಿತ್ತು. ಹಾಡೇ ಇದಕ್ಕೆಲ್ಲ ಕಾರಣ ಎಂದು ತಂಗಿ ಅಂದೇ ತೀರ್ಮಾನಿಸಿದಳು. ಕೇಳಬಹುದಿತ್ತು. ಕೇಳಲಿಲ್ಲ.

ಆಮೇಲೆ ಹನ್ನೊಂದು ವರ್ಷ. ಆರು ನಾಟಕ ಬರೆದಳು. ಭಿತ್ತಿಪತ್ರದಲ್ಲಿ ಹೆಸರು ದಪ್ಪ ಆಯಿತು, ಹಾಡು ತೆಳ್ಳಗಾಯಿತು. ಭರ್ತಿ ಮಾತಿಗೂ ಚಂದ್ರನನ್ನೇ ಹಾಕತೊಡಗಿದಳು. ಪೆನ್ಸಿಲೆಂದರೆ ಭಯ ಹುಟ್ಟಿತ್ತು. ಮೇಷ್ಟ್ರು ತೀರಿಕೊಂಡರು. ಬಂದ ಹೊಸಬ ರಾಗವನ್ನು ಕಂಪ್ಯೂಟರಿನಲ್ಲೇ ಕಳಿಸುತ್ತಿದ್ದ, ಅವನ ಮುಖವನ್ನು ಅವಳು ಕಂಡದ್ದು ಎರಡು ಸಲ. ಮೇಜಿನ ಆಚೆ ತುದಿ ಖಾಲಿಯಿತ್ತು, ಅಲ್ಲಿ ಹಳೆಯ ಪತ್ರಿಕೆಗಳನ್ನು ಪೇರಿಸಿಟ್ಟಳು. ಕೆಲವು ದಿನ ಲಾಂಡ್ರಿಯವಳಿಗೆ ‘ಬಟ್ಟೆ ಆಯ್ತಾ’ ಎಂದದ್ದು ಬಿಟ್ಟರೆ ಬೇರೆ ಮಾತೇ ಇರುತ್ತಿರಲಿಲ್ಲ. ಪ್ರತಿ ನಾಟಕಕ್ಕೂ ಅಕ್ಕನಿಗೆ ಟಿಕೆಟ್ ಕಳಿಸುವಳು. ಆ ಕುರ್ಚಿ ಖಾಲಿಯೇ ಇರುತ್ತಿತ್ತು. ವರ್ಷಕ್ಕೆರಡು ಸಲ ಅಕ್ಕನ ಕೋಣೆಗೆ ಹೋಗಿ, ಚಹಾ ಕುಡಿದು, ಆರೋಗ್ಯ ವಿಚಾರಿಸಿ ಬರುವಳು. ನೆಂಟರ ಮನೆಗೆ ಹೋಗಿ ಬಂದ ಹಾಗೆ. ಒಬ್ಬಂಟಿತನ ಅಭ್ಯಾಸವಾಗುತ್ತದೆ ಎನ್ನುವವರಿದ್ದಾರೆ. ಅವಳಿಗಂತೂ ಆಗಲಿಲ್ಲ.

ಹನ್ನೆರಡನೆಯ ವರ್ಷ ಮಂಡಳಿ ದೋಣಿಯವನ ಆಟವನ್ನು ಮತ್ತೆ ಹೂಡಿತು. ಅವಳು ಆ ಹಾಡು ತೆಗೆಯಬೇಕೆಂದು ಪಟ್ಟು ಹಿಡಿದಳು.

"ಅದನ್ನ ತೆಗೆದ್ರೆ ಇನ್ನೇನು ಉಳಿಯುತ್ತೆ ಮಾತಿನಮ್ಮ?" ಎಂದು ಮ್ಯಾನೇಜರು ತಲೆ ಚಚ್ಚಿಕೊಂಡರು. "ಪರದೆ ಏಳುತ್ತೆ, ಪರದೆ ಬೀಳುತ್ತೆ!"

ಅವಳು ಜಗ್ಗಲಿಲ್ಲ. ಆ ಶಾಯಿಯ ಹಾಳೆಯನ್ನೇ ತಂದು ಕೊಟ್ಟಳು. ಆಟದಲ್ಲಿ ಆ ಹಾಡು ಬಂದಾಗ ಜನ ಕೆಮ್ಮಿದರು, ಕೆಲವರು ಎದ್ದು ಹೊರಗೆ ಹೋಗಿ ಬಂದರು. ಅವಳಿಗೆ ಅದರಿಂದ ಸಮಾಧಾನವೇ ಆಯಿತು. ಮರುದಿನ ಮಧ್ಯಾಹ್ನ ಅಕ್ಕನ ಕೋಣೆಗೆ ಹೋದಳು. ಅರವತ್ತೊಂದರ ಅಕ್ಕ ಕನ್ನಡಕ ಮೂಗಿನ ತುದಿಗಿಳಿಸಿ ಯಾರದೋ ಲಂಗದ ಅಂಚು ಬಿಚ್ಚುತ್ತಿದ್ದಳು.

"ಅಕ್ಕ, ಆ ಹಾಡು ತೆಗೆಸಿಬಿಟ್ಟೆ" ಎಂದಳು, ಕೂರುವ ಮೊದಲೇ. "ಇನ್ಮೇಲೆ ಯಾರೂ ಹಾಡಲ್ಲ. ಮನೆಗೆ ಬಾ."

ಅಕ್ಕನ ಕೈ ನಿಂತಿತು. "ಯಾಕೆ ತೆಗೆಸಿದೆ?"

"ನಿನಗೆ ನೋವಾಗಿತ್ತಲ್ಲ. ನನ್ನ ಹಾಳೆ ಅದಲುಬದಲಾಗಿ..."

"ಅದಲುಬದಲು ಎಲ್ಲಾಯ್ತು?" ಅಕ್ಕ ಕನ್ನಡಕ ತೆಗೆದಳು. "ಎರಡು ಹಾಳೆ ಇತ್ತು ಕಣೆ. ನಂಗೂ ಓದೋಕೆ ಬರುತ್ತೆ. ಎರಡನ್ನೂ ಓದಿ, ನಾನೇ ಅದನ್ನ ತಗೊಂಡೋಗಿ ಕೊಟ್ಟೆ."

ತಂಗಿ ಎದುರಿನ ಕುರ್ಚಿಯಲ್ಲಿ ಕೂತಳು.

"ಬಸ್ಸಲ್ಲಿ ನಾಲ್ಕು ಸಲ ಓದ್ದೆ. ಐವತ್ತು ವರ್ಷ ಆಗಿತ್ತು ನಂಗೆ. ನಾನು ಹೀಗೆ ಕೂತಿರೋದನ್ನ ಒಬ್ಬರು ನೋಡಿದಾರಲ್ಲ ಅನ್ನಿಸ್ತು. ಎಲ್ಲರೂ ಕೇಳಲಿ ಅಂತ ಕೊಟ್ಟೆ. ಕೇಳೋಕೆ ನಾನೂ ಬಂದೆ." ಅಕ್ಕ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಆಮೇಲೆ ನೀನು ಆ ಪತ್ರಿಕೆಯವನ ಮುಂದೆ ಅದನ್ನ ಕಸ ಅಂದೆ. ಯಾರೂ ಇಲ್ಲ ಅಂದೆ."

"ನಿನ್ನ ಬಗ್ಗೇನೇ ಬರೆದಿದ್ದು ಅಕ್ಕ. ಪೂರ್ತಿ ನಿನ್ನ ಬಗ್ಗೇನೇ."

"ಗೊತ್ತು" ಎಂದಳು ಅಕ್ಕ. "ಅವತ್ತು ಅವನ ಮುಂದೆ ಹೇಳಿದ್ದಿದ್ರೆ ಆಗ್ತಿತ್ತು."

ಹಾಡನ್ನು ಮತ್ತೆ ಸೇರಿಸುತ್ತೇನೆ, ಇವತ್ತೇ ಹೋಗಿ ಹೇಳುತ್ತೇನೆ ಎಂದು ತಂಗಿ ಗಡಬಡಿಸಿ ಎದ್ದಳು. ಅಕ್ಕ ಕನ್ನಡಕ ಏರಿಸಿಕೊಂಡು ಲಂಗವನ್ನು ಕೈಗೆತ್ತಿಕೊಂಡಿದ್ದಳು. "ಸೇರಿಸು, ಚೆನ್ನಾಗಿತ್ತು. ಮನೆಗೆ ಮಾತ್ರ ನಾನು ಬರಲ್ಲ" ಎಂದಳು. ಅಂಚು ಐದು ಗಂಟೆಯೊಳಗೆ ಮುಗಿಯಬೇಕಿತ್ತು.